ಕಡಿಮೆ ಖರ್ಚಿನಲ್ಲಿ ಕುಟುಂಬಕ್ಕೊಂದು ಒಳ್ಳೆಯ ಟೆಂಟ್: ಎಲ್ಲಿ ಹಣ ಹಾಕಬೇಕು, ಎಲ್ಲಿ ಉಳಿಸಬಹುದು

ಅಗ್ಗದ ಟೆಂಟ್ ಎಂದರೆ ತಯಾರಕರು ಎಲ್ಲೋ ಒಂದು ಕಡೆ ಖರ್ಚು ಕಡಿತಗೊಳಿಸಿದ್ದಾರೆ ಎಂದೇ ಅರ್ಥ. ಆ ಕಡಿತ ಎಲ್ಲಿ ಆಗಿದೆ ಎಂಬುದನ್ನು ಕೊಳ್ಳುವ ಮೊದಲೇ ಪತ್ತೆ ಹಚ್ಚಿದರೆ ಕಡಿಮೆ ಹಣದಲ್ಲೂ ಒಳ್ಳೆಯ ಟೆಂಟ್ ಸಿಗುತ್ತದೆ. ಪತ್ತೆ ಹಚ್ಚದಿದ್ದರೆ ಹೆಚ್ಚು ಹಣ ಕೊಟ್ಟೂ ಮಳೆಯಲ್ಲಿ ನೆನೆಯಬೇಕಾಗುತ್ತದೆ. ಒಯ್ಯುವ ಚೀಲ ಸಾಧಾರಣವಾಗಿದ್ದರೆ, ಒಳಗೆ ಜೇಬುಗಳು ಕಡಿಮೆಯಿದ್ದರೆ, ದೀಪ ತೂಗುಹಾಕಲು ಕೊಕ್ಕೆ ಒಂದೇ ಇದ್ದರೆ ಯಾವ ನಷ್ಟವೂ ಇಲ್ಲ. ಆದರೆ ಹೊರಹೊದಿಕೆ, ಹೊಲಿಗೆ, ತಳಹಾಸು ಮತ್ತು ಕೋಲು ಈ ನಾಲ್ಕರಲ್ಲಿ ಯಾವುದರಲ್ಲಾದರೂ ಕೈ ಬಿಗಿ ಹಿಡಿದಿದ್ದರೆ, ಅದರ ಪರಿಣಾಮವನ್ನು ಅನುಭವಿಸುವವರು ನಡುರಾತ್ರಿ ಎಚ್ಚರಗೊಳ್ಳುವ ಮಕ್ಕಳು. ಆದ್ದರಿಂದ ಈ ವಿಮರ್ಶೆಯಲ್ಲಿ ನಾನು ಟೆಂಟುಗಳನ್ನು ಅಳೆದಿರುವುದು ಮುಖ್ಯವಾಗಿ ಈ ನಾಲ್ಕು ವಿಷಯಗಳಿಂದ. ಉಳಿದವುಗಳಿಗೆ ಅವುಗಳಿಗೆ ಸಲ್ಲುವಷ್ಟು ಗಮನವನ್ನು ಮಾತ್ರ ಕೊಟ್ಟಿದ್ದೇನೆ.

ಮೊದಲು ಅಳತೆಯ ಮಾತು. ಡಬ್ಬಿಯ ಮೇಲೆ ‘ನಾಲ್ಕು ಮಂದಿಗೆ’ ಎಂದು ಬರೆದಿದ್ದರೆ, ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿಕೊಂಡು, ಸಾಮಾನು ಏನೂ ಇಲ್ಲದೆ ಮಲಗಬಹುದು ಎಂದಷ್ಟೇ ತಿಳಿಯಬೇಕು. ತಯಾರಕರು ಸಾಮಾನ್ಯವಾಗಿ ಒಬ್ಬರಿಗೆ 55ರಿಂದ 60 ಸೆಂಟಿಮೀಟರ್ ಅಗಲವನ್ನು ಲೆಕ್ಕ ಹಿಡಿಯುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವ ಸಾಧಾರಣ ಮಲಗುವ ಮ್ಯಾಟ್ 51 ಸೆಂಟಿಮೀಟರ್ ಅಗಲವಿದ್ದರೆ, ಸ್ವಲ್ಪ ಆರಾಮದ ಅಗಲವಾದ ಮ್ಯಾಟ್ 63 ಸೆಂಟಿಮೀಟರಿನಷ್ಟಿರುತ್ತದೆ. ಅಂದರೆ 240 ಸೆಂಟಿಮೀಟರ್ ಅಗಲದ ‘ನಾಲ್ವರ’ ಟೆಂಟಿನಲ್ಲಿ ನಾಲ್ಕು ಅಗಲ ಮ್ಯಾಟುಗಳು ಹಿಡಿಸುವುದೇ ಇಲ್ಲ. ಇನ್ನು ಬಟ್ಟೆಯ ಚೀಲ, ನೀರಿನ ಬಾಟಲಿ, ರಾತ್ರಿ ಎದ್ದವರು ಕಾಲಿಡಬೇಕಾದ ಜಾಗ ಎಲ್ಲಿಂದ ಬರಬೇಕು? ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿರುವ ಕುಟುಂಬಕ್ಕೆ ಆರು ಮಂದಿಯದು ಎಂದು ಬರೆದಿರುವ ಟೆಂಟೇ ಸರಿಯಾದ ಅಳತೆ. ಮಕ್ಕಳು ತೀರಾ ಚಿಕ್ಕವರಿದ್ದು, ಸಾಮಾನನ್ನು ವಾಹನದಲ್ಲೇ ಇಡುವುದಾದರೆ ಐವರ ಟೆಂಟಿನಲ್ಲಿ ನಿಭಾಯಿಸಬಹುದು. ಡಬ್ಬಿಯ ಮೇಲಿನ ಸಂಖ್ಯೆಯನ್ನು ಬಿಟ್ಟು ತಳದ ಉದ್ದ ಅಗಲಗಳನ್ನು ನೋಡಿ, ನಿಮ್ಮ ಮ್ಯಾಟುಗಳ ಅಳತೆಯನ್ನು ಒಂದು ಕಾಗದದ ಮೇಲೆ ಬರೆದು ಜೋಡಿಸಿ ನೋಡುವುದು ಐದು ನಿಮಿಷದ ಕೆಲಸ, ಆದರೆ ಇಡೀ ಖರೀದಿಯಲ್ಲಿ ಅದಕ್ಕಿಂತ ಉಪಯುಕ್ತವಾದ ಕೆಲಸ ಇನ್ನೊಂದಿಲ್ಲ. ಉದ್ದವನ್ನೂ ಮರೆಯಬಾರದು: ಗೋಡೆಗಳು ಒಳಕ್ಕೆ ಬಾಗಿರುವ ಟೆಂಟಿನಲ್ಲಿ ಎರಡು ಮೀಟರ್ ಉದ್ದದ ತಳವಿದ್ದರೂ, ಎತ್ತರದ ವ್ಯಕ್ತಿಯ ಕಾಲು ಅಥವಾ ತಲೆ ಒದ್ದೆಯಾದ ಬಟ್ಟೆಗೆ ತಾಗುತ್ತದೆ.

ಆಕಾರದಲ್ಲಿ ಕುಟುಂಬದ ಟೆಂಟುಗಳು ಮುಖ್ಯವಾಗಿ ಮೂರು ಬಗೆ. ಗುಮ್ಮಟದ ಆಕಾರದ್ದು ಒಂದಕ್ಕೊಂದು ಅಡ್ಡಹಾಯುವ ಕೋಲುಗಳ ಮೇಲೆ ತಾನೇ ನಿಲ್ಲುತ್ತದೆ. ಗೂಟ ಸರಿಯಾಗಿ ಇಳಿಯದ ಗಟ್ಟಿ ನೆಲದಲ್ಲೂ ಅದಕ್ಕೆ ಆಕಾರ ಬರುತ್ತದೆ, ಬೇಕಾದರೆ ಎತ್ತಿ ಪಕ್ಕಕ್ಕೆ ಸರಿಸಬಹುದು. ಸುರಂಗದ ಆಕಾರದ್ದು ಸಾಲಾಗಿ ನಿಂತ ಕಮಾನುಗಳಿಂದ ಆದದ್ದು; ಅದೇ ತೂಕಕ್ಕೆ ಅದರಲ್ಲಿ ಹೆಚ್ಚು ಜಾಗ ಸಿಗುತ್ತದೆ, ಆದರೆ ಎರಡೂ ತುದಿಗಳಲ್ಲಿ ಗೂಟ ಹೊಡೆದು ಎಳೆದು ಬಿಗಿದ ಮೇಲೆಯೇ ಅದು ನಿಲ್ಲುತ್ತದೆ. ಕೋಣೆಯಂತೆ ನೇರ ಗೋಡೆಗಳಿರುವ ಕ್ಯಾಬಿನ್ ಟೆಂಟಿನಲ್ಲಿ ಓಡಾಡುವ ಸುಖವೇ ಬೇರೆ. ಮಂಚದಂಥ ಎತ್ತರದ ಹಾಸಿಗೆಗಳನ್ನು ಗೋಡೆಗೆ ಒರಗಿಸಿಯೇ ಹಾಕಬಹುದು. ಆದರೆ ಆ ನೇರ ಗೋಡೆಯೇ ಗಾಳಿಗೆ ಎದೆಯೊಡ್ಡುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಟೆಂಟಿನ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಬಯಲಿನಲ್ಲಿ ಅಥವಾ ಕಡಲತೀರದಲ್ಲಿ ತಂಗುವವರು ಕ್ಯಾಬಿನ್ ಟೆಂಟಿನಿಂದ ಏಕೆ ದೂರವಿರಬೇಕು ಎಂಬುದು ಅರ್ಥವಾಗುತ್ತದೆ. ಎಸೆದ ಕೂಡಲೇ ತೆರೆದುಕೊಳ್ಳುವ ಟೆಂಟುಗಳೂ, ಕೋಲಿನ ಬದಲು ಗಾಳಿ ತುಂಬುವ ಕೊಳವೆಗಳಿರುವವೂ ಇವೆ. ಮೊದಲನೆಯವು ಇಡೀ ಕುಟುಂಬಕ್ಕೆ ಸಾಮಾನ್ಯವಾಗಿ ಚಿಕ್ಕವಾಗುತ್ತವೆ, ಮಡಿಸಿದ ಮೇಲೂ ದೊಡ್ಡ ತಟ್ಟೆಯಷ್ಟು ಅಗಲವಾಗಿಯೇ ಉಳಿಯುತ್ತವೆ. ಎರಡನೆಯವು ಭಾರ, ದುಬಾರಿ. ಮಿತವಾದ ಬಜೆಟ್ಟಿನವರು ಎರಡನ್ನೂ ಬದಿಗಿಡಬಹುದು.

ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಒಂದು ರಾತ್ರಿಗಾದರೆ ಬೇಡ, ಮೂರು ನಾಲ್ಕು ದಿನಗಳಿಗಾದರೆ ಖಂಡಿತ ಬೇಕು. ಚಿಕ್ಕ ಮಗುವಿಗೆ ಬಟ್ಟೆ ತೊಡಿಸುವವರು, ಮಂಡಿನೋವಿರುವ ಹಿರಿಯರು, ಮಳೆ ಬಂದು ದಿನವಿಡೀ ಒಳಗೇ ಕೂರಬೇಕಾದವರು ಇವರಿಗೆಲ್ಲ ಬಗ್ಗಿಯೇ ಓಡಾಡುವುದು ದೊಡ್ಡ ಶಿಕ್ಷೆ. ಆದರೆ ಎತ್ತರ ಹೆಚ್ಚಿದಷ್ಟೂ ಗಾಳಿಗೆ ಸಿಗುವ ಮೈಯೂ ಹೆಚ್ಚುವುದರಿಂದ, ಎತ್ತರದ ಟೆಂಟ್ ಕೊಳ್ಳುವವರು ಕೋಲುಗಳ ವಿಷಯದಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು.

ಈಗ ಹೊರಹೊದಿಕೆಗೆ ಬರೋಣ. ನನ್ನ ದೃಷ್ಟಿಯಲ್ಲಿ ಟೆಂಟಿನ ಗುಣವನ್ನು ಒಂದೇ ನೋಟಕ್ಕೆ ತೋರಿಸುವ ಭಾಗ ಇದು. ಅಗ್ಗದ ಟೆಂಟುಗಳಲ್ಲಿ ಎರಡು ಬಗೆಯ ಹೊದಿಕೆಗಳನ್ನು ಕಾಣುತ್ತೇವೆ: ತಲೆಗೆ ಟೋಪಿ ಹಾಕಿದಂತೆ ನೆತ್ತಿಯನ್ನಷ್ಟೇ ಮುಚ್ಚುವ ಅರೆಹೊದಿಕೆ ಒಂದು, ನಾಲ್ಕೂ ಕಡೆ ನೆಲದ ಹತ್ತಿರದವರೆಗೆ ಇಳಿದು ಬರುವ ಪೂರ್ಣ ಹೊದಿಕೆ ಇನ್ನೊಂದು. ಅರೆಹೊದಿಕೆಯ ಟೆಂಟಿನಲ್ಲಿ ಒಳಗೋಡೆಯ ಬಟ್ಟೆಯೇ ಮಳೆಯನ್ನು ನೇರವಾಗಿ ಎದುರಿಸಬೇಕು. ನೆಟ್ಟಗೆ ಸುರಿಯುವ ಸಣ್ಣ ಮಳೆಗೆ ಅದು ಸಾಕು, ಆದರೆ ಗಾಳಿಯೊಡನೆ ಓರೆಯಾಗಿ ಬಡಿಯುವ ಮಳೆಗೆ ಕಿಟಕಿಯ ಜಿಪ್ಪಿನಿಂದಲೂ ಗೋಡೆಯ ಹೊಲಿಗೆಯಿಂದಲೂ ನೀರು ಒಳಬರುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಒಂಬತ್ತು ಚದರ ಮೀಟರಿನ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆಯಾದರೆ 180 ಲೀಟರ್ ನೀರು ಹರಿದು ಹೋಗಬೇಕು. ಆ ನೀರು ಟೆಂಟಿನ ಗೋಡೆಯ ಮೇಲೆ ಹರಿಯಬೇಕೋ, ಗೋಡೆಯಿಂದ ದೂರ ನೆಲಕ್ಕೆ ಬೀಳಬೇಕೋ ಎಂಬುದನ್ನು ನಿರ್ಧರಿಸುವುದು ಹೊದಿಕೆಯ ಉದ್ದ. ಒಂದೇ ಬೆಲೆಗೆ ಅರೆಹೊದಿಕೆಯ ದೊಡ್ಡ ಟೆಂಟೂ ಪೂರ್ಣ ಹೊದಿಕೆಯ ಸ್ವಲ್ಪ ಚಿಕ್ಕ ಟೆಂಟೂ ಸಿಗುವುದಾದರೆ, ಮಳೆ ಬರುವ ಸಾಧ್ಯತೆಯಿರುವ ಕಡೆಗೆಲ್ಲ ನಾನು ಎರಡನೆಯದನ್ನೇ ಆರಿಸುತ್ತೇನೆ.

ಬಟ್ಟೆಯ ವಿವರಗಳಲ್ಲಿ ಅಂಕಿಗಳ ಸುರಿಮಳೆಯೇ ಇರುತ್ತದೆ, ಆದರೆ ತಿಳಿದುಕೊಳ್ಳಬೇಕಾದವು ಕೆಲವೇ. ಡೆನಿಯರ್ ಎಂದರೆ 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. 75 ಡೆನಿಯರಿನ ನೂಲು 40 ಡೆನಿಯರಿನದಕ್ಕಿಂತ ದಪ್ಪ. ಬೆನ್ನ ಮೇಲೆ ಹೊತ್ತು ನಡೆಯುವವರ ಹಗುರ ಟೆಂಟುಗಳಲ್ಲಿ ತೆಳು ನೂಲು ಇರುತ್ತದೆ. ವಾಹನದಲ್ಲಿ ಒಯ್ಯುವ ಕುಟುಂಬದ ಟೆಂಟಿಗೆ 68, 75 ಅಥವಾ ಅದಕ್ಕೂ ಹೆಚ್ಚಿನ ಡೆನಿಯರಿನ ಪಾಲಿಯೆಸ್ಟರ್ ಒಳ್ಳೆಯದು. ನೈಲಾನಿಗಿಂತ ಪಾಲಿಯೆಸ್ಟರ್ ಈ ಕೆಲಸಕ್ಕೆ ಮೇಲು ಎಂದೇ ನನ್ನ ಅಭಿಪ್ರಾಯ: ನೈಲಾನ್ ನೀರು ಹೀರಿ ಹಿಗ್ಗಿ ಜೋಲುಬೀಳುತ್ತದೆ, ಬಿಸಿಲಿಗೆ ಬೇಗ ಬಲಗುಂದುತ್ತದೆ, ಪಾಲಿಯೆಸ್ಟರ್ ಈ ಎರಡರಲ್ಲೂ ಹೆಚ್ಚು ತಾಳುತ್ತದೆ, ಬೆಲೆಯೂ ಕಡಿಮೆ. ದಪ್ಪ ಹತ್ತಿಯ ಕ್ಯಾನ್ವಾಸ್ ಉಸಿರಾಡುತ್ತದೆ, ಬೇಸಿಗೆಯಲ್ಲಿ ತಂಪು, ಬಾಳಿಕೆಯೂ ದೊಡ್ಡದು. ಆದರೆ ಅದರ ಭಾರ, ಒದ್ದೆಯಾದರೆ ಒಣಗಲು ಹಿಡಿಯುವ ಸಮಯ ಮತ್ತು ಬೆಲೆ ಮೂರೂ ಸೇರಿ ಅದನ್ನು ಈ ಲೆಕ್ಕದಿಂದ ಹೊರಗಿಡುತ್ತವೆ.

ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರುಗಳಲ್ಲಿ ಹೇಳುತ್ತಾರೆ. ಬಟ್ಟೆಯ ಮೇಲೆ ನೀರಿನ ಕಂಬವನ್ನು ನಿಲ್ಲಿಸಿ, ಎಷ್ಟು ಎತ್ತರಕ್ಕೆ ಬಂದಾಗ ಹನಿಗಳು ಆಚೆ ಕಡೆ ಇಳಿಯಲಾರಂಭಿಸುತ್ತವೆ ಎಂದು ಅಳೆಯುವ ಕ್ರಮ ಇದು. ಹೊರಹೊದಿಕೆಗೆ 1500 ಮಿಲಿಮೀಟರ್ ಕನಿಷ್ಠ. 2000ದಿಂದ 3000 ಇದ್ದರೆ ಕುಟುಂಬದ ಬಳಕೆಗೆ ಧಾರಾಳ. ಅದಕ್ಕಿಂತ ಹೆಚ್ಚಿನ ಅಂಕಿಗೆ ಹೆಚ್ಚು ಹಣ ಕೊಡಬೇಕಾಗಿಲ್ಲ, ಏಕೆಂದರೆ ಮಳೆಹನಿಯ ಒತ್ತಡ ಅಷ್ಟಿರುವುದೇ ಇಲ್ಲ. ತಳಹಾಸಿನ ಮಾತು ಬೇರೆ. ಅಲ್ಲಿ ಮಂಡಿಯೂರುವವರ, ಮೊಣಕೈ ಊರಿ ಮಲಗುವವರ ಭಾರವೆಲ್ಲ ಅಂಗೈಯಗಲದ ಜಾಗದ ಮೇಲೆ ಬಿದ್ದು ಕೆಳಗಿನ ಒದ್ದೆ ನೆಲದ ನೀರನ್ನು ಮೇಲಕ್ಕೆ ಒತ್ತುತ್ತದೆ. ಆದ್ದರಿಂದ ತಳಕ್ಕೆ 3000ಕ್ಕಿಂತ ಕಡಿಮೆ ಒಪ್ಪಬಾರದು, 5000 ಇದ್ದರೆ ನಿಶ್ಚಿಂತೆ. ಬಹಳಷ್ಟು ಅಗ್ಗದ ಟೆಂಟುಗಳ ತಳ ನೇಯ್ದ ಪಾಲಿಥಿಲೀನ್ ಹಾಳೆಯದು. ನಡೆದರೆ ಸರಬರ ಸದ್ದು ಮಾಡುತ್ತದೆ, ಮಡಿಸಲು ಒರಟು, ಆದರೆ ನೀರು ತಡೆಯುವುದರಲ್ಲಿ ಗಟ್ಟಿ. ಅದನ್ನು ಕೀಳು ಎಂದು ಭಾವಿಸಬೇಕಾಗಿಲ್ಲ. ತಳದ ಅಂಚು ಒಂದು ಗೇಣಿನಷ್ಟಾದರೂ ಗೋಡೆಯ ಮೇಲೇರಿ, ತೊಟ್ಟಿಯ ಹಾಗೆ ಕಾಣಬೇಕು ಮತ್ತು ತಳವೂ ಗೋಡೆಯೂ ಸೇರುವ ಹೊಲಿಗೆ ನೆಲಕ್ಕೆ ತಾಗದೆ ಮೇಲೆಯೇ ಇರಬೇಕು ಎಂಬುದು ಅಂಕಿಗಳಿಗಿಂತ ಮುಖ್ಯ.

ಏಕೆಂದರೆ ಸೋರುವುದು ಬಟ್ಟೆಯಲ್ಲ, ಹೊಲಿಗೆ. ಸೂಜಿ ಹಾದ ಪ್ರತಿಯೊಂದು ಜಾಗವೂ ಒಂದು ತೂತು. ಅಂಗಡಿಯಲ್ಲಿಯೋ ಮನೆಗೆ ತರಿಸಿದ ಮೇಲೆಯೋ ಹೊರಹೊದಿಕೆಯನ್ನು ಒಳಮಗ್ಗುಲಾಗಿ ತಿರುಗಿಸಿ, ಉದ್ದನೆಯ ಹೊಲಿಗೆಯೊಂದನ್ನು ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಟೆಂಟಿನಲ್ಲಿ ಹೊಲಿಗೆಯ ಮೇಲೆ ಬೆರಳಗಲದ ಪಾರದರ್ಶಕ ಪಟ್ಟಿಯೊಂದನ್ನು ಬಿಸಿಯಿಂದ ಅಂಟಿಸಿರುತ್ತಾರೆ. ಆ ಪಟ್ಟಿಯ ಮೇಲೆ ಬೆರಳಾಡಿಸಿದರೆ ಅದು ಬಟ್ಟೆಯೊಡನೆ ಒಂದಾಗಿರುವಂತೆ ನುಣುಪಾಗಿ ಸಿಗಬೇಕು. ಅಲ್ಲಲ್ಲಿ ಗುಳ್ಳೆ ಎದ್ದಿದ್ದರೆ, ಅಂಚನ್ನು ಉಗುರಿನಿಂದ ಮೆಲ್ಲಗೆ ಕೆದಕಿದಾಗ ಮೇಲೇಳುವಂತಿದ್ದರೆ, ಅಥವಾ ಹೊಲಿಗೆ ಪಟ್ಟಿಯ ನಡುವೆ ಹಾಯದೆ ಒಂದು ಅಂಚಿಗೆ ಸರಿದು ಹೊರಗಿಣುಕುತ್ತಿದ್ದರೆ, ಆ ಜಾಗವೇ ಮುಂದೆ ಸೋರುವ ಜಾಗ. ಎರಡು ಮೂರು ಹೊಲಿಗೆಗಳು ಕೂಡುವ ಮೂಲೆಗಳನ್ನು, ಬಿಗಿಯುವ ಹಗ್ಗದ ಕುಣಿಕೆ ಹೊಲಿದಿರುವ ಕಡೆಗಳನ್ನು ವಿಶೇಷವಾಗಿ ನೋಡಬೇಕು. ಎಳೆತ ಬೀಳುವುದು ಅಲ್ಲಿಯೇ. ಪಟ್ಟಿಯೇ ಇಲ್ಲದ, ಹೊಲಿಗೆಯ ಅಂಚನ್ನು ಒಳಕ್ಕೆ ಮಡಚಿ ಮುಚ್ಚಿದ ಟೆಂಟುಗಳೂ ಕಡಿಮೆ ಬೆಲೆಯಲ್ಲಿ ಸಾಕಷ್ಟಿವೆ. ಅವು ನಿಷ್ಪ್ರಯೋಜಕವಲ್ಲ, ಹೊಲಿಗೆಗೆ ಬಳಿಯುವ ಸೀಲರ್ ದ್ರವದ ಒಂದೆರಡು ಬಾಟಲಿ ತಂದು, ಒಣ ದಿನವೊಂದರಲ್ಲಿ ಟೆಂಟನ್ನು ನಿಲ್ಲಿಸಿ ಎಲ್ಲ ಹೊಲಿಗೆಗಳಿಗೂ ಕುಂಚದಿಂದ ಹಚ್ಚಿ ಒಣಗಲು ಬಿಟ್ಟರೆ, ಅಗ್ಗದ ಟೆಂಟಿನ ಅತಿ ದೊಡ್ಡ ದೋಷ ನೀಗುತ್ತದೆ. ಪಾಲಿಯುರೆಥೇನ್ ಲೇಪನದ ಬಟ್ಟೆಗೆ ಅದೇ ಬಗೆಯ ಸೀಲರ್, ಸಿಲಿಕೋನ್ ಲೇಪನಕ್ಕೆ ಸಿಲಿಕೋನಿನದು ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು, ಏಕೆಂದರೆ ಒಂದರ ಮೇಲೆ ಇನ್ನೊಂದು ಹಿಡಿಯುವುದಿಲ್ಲ.

ಕೋಲುಗಳ ವಿಷಯದಲ್ಲಿ ಬಜೆಟ್ ಟೆಂಟುಗಳೆಲ್ಲ ಬಹುಮಟ್ಟಿಗೆ ಫೈಬರ್‌ಗ್ಲಾಸಿಗೇ ಮೊರೆಹೋಗುತ್ತವೆ. ಅಲ್ಯೂಮಿನಿಯಂ ಹಗುರ, ಬಲಶಾಲಿ, ಮುರಿಯುವ ಬದಲು ಬಾಗುತ್ತದೆ. ಆದರೆ ಕುಟುಂಬದ ಟೆಂಟಿನ ಉದ್ದನೆಯ ಕೋಲುಗಳನ್ನು ಅದರಲ್ಲಿ ಮಾಡಿದರೆ ಬೆಲೆ ಏರುತ್ತದೆ. ಫೈಬರ್‌ಗ್ಲಾಸ್ ಎಂಬ ಕಾರಣಕ್ಕೇ ಟೆಂಟನ್ನು ತಿರಸ್ಕರಿಸಬೇಕಿಲ್ಲ, ಅದರ ದಪ್ಪವನ್ನು ಕೇಳಬೇಕು. ಇಬ್ಬರ ಚಿಕ್ಕ ಟೆಂಟಿಗೆ 8.5 ಮಿಲಿಮೀಟರ್ ನಡೆಯುತ್ತದೆ. ಆರು ಮಂದಿಯ, ಆಳೆತ್ತರದ ಟೆಂಟಿಗೆ 11 ಮಿಲಿಮೀಟರಿಗಿಂತ ತೆಳುವಾದ ಕೋಲನ್ನು ನಾನು ಒಪ್ಪುವುದಿಲ್ಲ. ಫೈಬರ್‌ಗ್ಲಾಸ್ ಹೇಗೆ ಹಾಳಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಅದನ್ನು ಕಾಪಾಡುವ ಬಗೆಯೂ ಗೊತ್ತಾಗುತ್ತದೆ. ಅದು ನಡುವೆ ಪಟಕ್ಕನೆ ಮುರಿಯುವುದು ಅಪರೂಪ. ಒಂದು ತುಂಡು ಇನ್ನೊಂದರ ಲೋಹದ ಕೊಳವೆಯೊಳಗೆ ಪೂರ್ತಿ ಇಳಿಯದೆ ಅರ್ಧಕ್ಕೇ ನಿಂತಿರುವಾಗ ಕೋಲನ್ನು ಬಗ್ಗಿಸಿದರೆ, ತುದಿಯ ಬಳಿ ಉದ್ದುದ್ದಕ್ಕೆ ಕೂದಲೆಳೆಯ ಸೀಳು ಮೂಡುತ್ತದೆ. ಮುಂದಿನ ಸಲ ಅದೇ ಸೀಳು ಬಾಯಿಬಿಟ್ಟು, ಬಿಳಿಯ ನಾರುಗಳು ಸಿಡಿದು ನಿಲ್ಲುತ್ತವೆ. ಆ ನಾರು ಬರಿಗೈಗೆ ಚುಚ್ಚಿಕೊಂಡರೆ ಕಣ್ಣಿಗೆ ಕಾಣದಷ್ಟು ಸಣ್ಣ, ತೆಗೆಯುವುದು ಕಷ್ಟ. ಮಕ್ಕಳ ಕೈಗೆ ಸೀಳಿದ ಕೋಲನ್ನು ಕೊಡಲೇಬಾರದು. ಪ್ರತಿಯೊಂದು ಸೇರುವೆಯೂ ಕೊನೆಯವರೆಗೆ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದ ನಂತರವೇ ಬಗ್ಗಿಸಬೇಕು. ಕೋಲನ್ನು ಬಟ್ಟೆಯ ತೋಳಿನೊಳಗೆ ತಳ್ಳಿ ಏರಿಸಬೇಕೇ ಹೊರತು ಆಚೆಯಿಂದ ಎಳೆಯಬಾರದು, ಎಳೆದರೆ ಸೇರುವೆಗಳು ಬಿಚ್ಚಿಕೊಳ್ಳುತ್ತವೆ. ಮುರಿದ ಜಾಗದ ಮೇಲೆ ತೊಡಿಸುವ ಲೋಹದ ಕೊಳವೆಯ ತುಂಡೊಂದನ್ನು ಕೆಲವು ತಯಾರಕರು ಜೊತೆಗೇ ಕೊಡುತ್ತಾರೆ. ಕೊಟ್ಟಿಲ್ಲದಿದ್ದರೆ ಕೋಲಿನ ದಪ್ಪಕ್ಕೆ ಹೊಂದುವ ಒಂದನ್ನು ಕೊಂಡು ಚೀಲದಲ್ಲಿ ಇಟ್ಟುಕೊಳ್ಳುವುದು ಒಳಿತು.

ಎರಡು ಪ್ರಸಿದ್ಧ ಮಾದರಿಗಳನ್ನು ಈ ಅಳತೆಗೋಲಿನಿಂದ ನೋಡುವುದು ಇಲ್ಲಿ ಉಪಯುಕ್ತ. ಕೋಲ್‌ಮನ್ ಕಂಪನಿಯ ಸನ್‌ಡೋಮ್ ಸರಣಿಯ ಆರು ಮಂದಿಯ ಟೆಂಟ್ ಸರಳ ಗುಮ್ಮಟ: ತಳ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ನಡುವಿನ ಎತ್ತರ ಆರು ಅಡಿ. ನಾಲ್ವರ ಕುಟುಂಬಕ್ಕೆ ಈ ಚೌಕದಲ್ಲಿ ಮಲಗಲೂ ಸಾಮಾನಿಡಲೂ ಜಾಗ ಸಾಲುತ್ತದೆ, ಕೋಲುಗಳ ಜೋಡಣೆ ಒಮ್ಮೆ ನೋಡಿದವರಿಗೆ ಮರೆಯುವುದಿಲ್ಲ, ತಳ ಗಟ್ಟಿ ಪಾಲಿಥಿಲೀನಿನದು, ನೆಲಮಟ್ಟದಲ್ಲಿ ಗಾಳಿಯ ಕಿಂಡಿ ಇರುವುದು ಬೇಸಿಗೆಗೆ ದೊಡ್ಡ ಅನುಕೂಲ. ಆದರೆ ಹೊದಿಕೆ ಅರೆಹೊದಿಕೆ, ಪಾದರಕ್ಷೆಗಳನ್ನಿಡುವ ಮುಚ್ಚಿದ ಪಡಸಾಲೆಯೂ ಇಲ್ಲ. ಒಣ ಹವೆಯ ವಾರಾಂತ್ಯಗಳಿಗೆ ಇದಕ್ಕಿಂತ ಹಣಕ್ಕೆ ತಕ್ಕ ಟೆಂಟ್ ಹುಡುಕುವುದು ಕಷ್ಟ. ಮಳೆಗಾಲದ ನೆಚ್ಚಿನ ಟೆಂಟ್ ಎಂದು ನಾನು ಇದನ್ನು ಸೂಚಿಸಲಾರೆ. ಡೆಕಾತ್ಲಾನ್‌ನ ಕೆಚುವಾ ವಿಭಾಗದ ಆರ್ಪೆನಾಜ್ ಸರಣಿ ಬೇರೆಯದೇ ಯೋಚನೆಯಿಂದ ಹುಟ್ಟಿದ್ದು. ಅದರ ಹೆಸರಿನಲ್ಲೇ ವಿವರ ಅಡಗಿದೆ: 4.1 ಎಂದರೆ ನಾಲ್ಕು ಮಂದಿಗೆ ಒಂದು ಮಲಗುವ ಕೋಣೆ, 4.2 ಎಂದರೆ ನಾಲ್ಕು ಮಂದಿಗೆ ಎರಡು ಕೋಣೆ. ಹೊರಹೊದಿಕೆ ಪೂರ್ಣವಾಗಿ ಇಳಿಯುತ್ತದೆ, ಮಲಗುವ ಕೋಣೆ ಅದರೊಳಗೆ ತೂಗುತ್ತದೆ, ಮುಂದೆ ನೆಟ್ಟಗೆ ನಿಲ್ಲಬಹುದಾದ ಕೂರುವ ಜಾಗವಿದೆ. ಗಂಟೆಗೆ ಚದರ ಮೀಟರಿಗೆ 200 ಲೀಟರ್ ನೀರು ಸುರಿಸಿ ಪರೀಕ್ಷಿಸಿದ್ದೇವೆ ಎಂಬುದು ತಯಾರಕರ ಮಾತು; ಅದು ಅತ್ಯಂತ ಬಿರುಸಾದ ಮಳೆಯ ಪ್ರಮಾಣ. ಮಲಗುವ ಕೋಣೆ ಸನ್‌ಡೋಮಿನ ತಳಕ್ಕಿಂತ ಚಿಕ್ಕದಾದರೂ, ಸಾಮಾನೂ ಒದ್ದೆ ಬಟ್ಟೆಯೂ ಮುಂದಿನ ಜಾಗದಲ್ಲಿ ಉಳಿಯುವುದರಿಂದ ಕೋಣೆ ಪೂರ್ತಿಯಾಗಿ ಹಾಸಿಗೆಗೇ ಸಿಗುತ್ತದೆ. ಮಳೆ ಬರಬಹುದಾದ ಕಡೆಗೆ ಹಲವು ದಿನ ಹೋಗುವ ಕುಟುಂಬಕ್ಕೆ ಈ ವಿನ್ಯಾಸವೇ ಹೆಚ್ಚು ಸೂಕ್ತ ಎಂಬುದು ನನ್ನ ನಿಲುವು. ನಿಲ್ಲಿಸಲು ಹಿಡಿಯುವ ಹೆಚ್ಚು ಸಮಯವನ್ನೂ ಕಟ್ಟಿದ ಮೇಲಿನ ದೊಡ್ಡ ಗಂಟನ್ನೂ ಅದಕ್ಕಾಗಿ ಒಪ್ಪಿಕೊಳ್ಳಬೇಕು.

ಈ ಎರಡು ವಿನ್ಯಾಸಗಳ ನಡುವೆ ಇನ್ನೊಂದು ವ್ಯತ್ಯಾಸವಿದೆ, ಕೊಳ್ಳುವವರು ಅದನ್ನು ಹೆಚ್ಚಾಗಿ ಗಮನಿಸುವುದಿಲ್ಲ. ಒಳಟೆಂಟನ್ನು ಮೊದಲು ನಿಲ್ಲಿಸಿ ಆಮೇಲೆ ಹೊದಿಕೆ ಹಾಸುವ ಟೆಂಟಿನಲ್ಲಿ, ಮಳೆಯಲ್ಲೇ ಬಂದು ಇಳಿದರೆ ಜಾಲರಿಯ ನೆತ್ತಿಯಿಂದ ನೀರು ನೇರ ಒಳಗೆ ಬಿದ್ದು ಹಾಸಿಗೆಯ ಜಾಗವೇ ಒದ್ದೆಯಾಗುತ್ತದೆ. ಹೊರಹೊದಿಕೆಯನ್ನು ಮೊದಲು ನಿಲ್ಲಿಸುವ ಟೆಂಟಿನಲ್ಲಿ ಸೂರು ಮೊದಲು ಸಿದ್ಧವಾಗುತ್ತದೆ, ಮಕ್ಕಳನ್ನು ಅದರಡಿ ನಿಲ್ಲಿಸಿ ಉಳಿದ ಕೆಲಸ ಮಾಡಬಹುದು.

ಗಾಳಿಯಾಟದ ಕೊರತೆಯನ್ನು ಬಹಳ ಮಂದಿ ಸೋರಿಕೆ ಎಂದು ತಪ್ಪು ತಿಳಿಯುತ್ತಾರೆ. ನಾಲ್ಕು ಜನರ ಉಸಿರಿನಿಂದ ರಾತ್ರಿಯೊಂದರಲ್ಲಿ ಸುಮಾರು ಅರ್ಧ ಲೀಟರಿನಷ್ಟು ನೀರಾವಿ ಹೊರಬರುತ್ತದೆ. ಹೊರಗೆ ಚಳಿಯಿದ್ದರೆ ಅದು ಹೊದಿಕೆಯ ಒಳಮೈಯಲ್ಲಿ ಹನಿಗಟ್ಟುತ್ತದೆ. ಒಳಟೆಂಟ್ ಮತ್ತು ಹೊರಹೊದಿಕೆಯ ನಡುವೆ ಅಂಗೈಯಷ್ಟಾದರೂ ಅಂತರವಿದ್ದು, ಒಂದು ಕಿಂಡಿ ಕೆಳಗೂ ಇನ್ನೊಂದು ಮೇಲೂ ಇದ್ದರೆ ಬಿಸಿಗಾಳಿ ಮೇಲಿನಿಂದ ಹೋಗಿ ಹೊಸ ಗಾಳಿ ಕೆಳಗಿನಿಂದ ಬರುತ್ತದೆ, ಹನಿ ಕಡಿಮೆಯಾಗುತ್ತದೆ. ಮಳೆ ಬಂದಾಗಲೂ ತೆರೆದಿಡಬಹುದಾದಂತೆ ಕಿಂಡಿಗೆ ಸಣ್ಣ ಚಾಚು ಇರಬೇಕು. ಬೆಳಕನ್ನು ತಡೆಯುವ ಕಪ್ಪು ಒಳಪದರದ ಟೆಂಟುಗಳು ಈಚೆಗೆ ಹೆಚ್ಚಿವೆ; ಬೆಳಗಿನ ಬಿಸಿಲಿಗೆ ಮಕ್ಕಳು ಬೇಗ ಏಳದಂತೆ ಅವು ನೋಡಿಕೊಳ್ಳುತ್ತವೆ, ಒಳಗಿನ ಸೆಕೆಯೂ ಸ್ವಲ್ಪ ತಗ್ಗುತ್ತದೆ. ಚಿಕ್ಕ ಮಕ್ಕಳಿರುವವರಿಗೆ ಅದಕ್ಕೆ ಕೊಡುವ ಹೆಚ್ಚುವರಿ ಹಣ ವ್ಯರ್ಥವಲ್ಲ, ಆದರೆ ಪೂರ್ಣ ಹೊದಿಕೆಯನ್ನು ಬಿಟ್ಟು ಕಪ್ಪು ಪದರವನ್ನು ಆರಿಸುವುದು ಸರಿಯಲ್ಲ.

ಜಿಪ್ಪನ್ನು ನೇರ ಭಾಗದಲ್ಲಿ ಎಳೆದು ನೋಡಿದರೆ ಏನೂ ತಿಳಿಯುವುದಿಲ್ಲ, ಬಾಗಿಲಿನ ಮೂಲೆಯಲ್ಲಿ ತಿರುಗುವಾಗ ಎಳೆದು ನೋಡಬೇಕು. ಮಳೆ ತಡೆಯುವ ಬಟ್ಟೆಯ ಮಡಿಕೆ ಅಲ್ಲಿ ಹಲ್ಲಿಗೆ ಸಿಕ್ಕಿಕೊಳ್ಳುವಂತಿದ್ದರೆ ಮಕ್ಕಳ ಕೈಯಲ್ಲಿ ಆ ಜಿಪ್ ಹೆಚ್ಚು ಕಾಲ ಬಾಳದು. ನಾನು ಬಳಸಿದ ಒಂದು ಟೆಂಟಿನಲ್ಲಿ ಬಟ್ಟೆ, ಕೋಲು, ತಳ ಎಲ್ಲವೂ ಚೆನ್ನಾಗಿದ್ದು, ಬಾಗಿಲ ಮೂಲೆಯ ಜಿಪ್ ಒಂದರಿಂದಲೇ ಇಡೀ ಟೆಂಟ್ ಮೂಲೆಗುಂಪಾಯಿತು. ಎರಡು ಬಾಗಿಲುಗಳಿರುವ ಟೆಂಟ್ ಸಿಕ್ಕಿದರೆ ಒಂದು ಕೈಕೊಟ್ಟಾಗ ಇನ್ನೊಂದಾದರೂ ಉಳಿಯುತ್ತದೆ, ರಾತ್ರಿ ಎದ್ದವರು ಎಲ್ಲರನ್ನೂ ದಾಟಿ ಹೋಗಬೇಕಾಗಿಯೂ ಇಲ್ಲ.

ಗೂಟಗಳ ವಿಷಯದಲ್ಲಿ ಬಹುತೇಕ ಎಲ್ಲ ಅಗ್ಗದ ಟೆಂಟುಗಳೂ ಒಂದೇ: ತೆಳು ಕಂಬಿಯನ್ನು ಬಗ್ಗಿಸಿ ಮಾಡಿದ ಗೂಟಗಳು ಮೊದಲ ಕಲ್ಲಿಗೇ ಸೊಟ್ಟಗಾಗುತ್ತವೆ. ಆದ್ದರಿಂದ ಟೆಂಟಿಗೆಂದು ತೆಗೆದಿಟ್ಟ ಹಣವನ್ನೆಲ್ಲ ಟೆಂಟಿಗೇ ಸುರಿಯದೆ, ಹತ್ತರಲ್ಲಿ ಒಂದು ಪಾಲನ್ನು ಉಳಿಸಿ, ಅದರಲ್ಲಿ ಗಟ್ಟಿ ಗೂಟಗಳು, ಹೆಚ್ಚುವರಿ ಹಗ್ಗ, ಸೀಲರ್ ಮತ್ತು ತಳದಡಿಯ ಹಾಳೆ ಕೊಳ್ಳುವುದು ನಾನು ಎಲ್ಲರಿಗೂ ಕೊಡುವ ಸಲಹೆ. ಮಿದು ಮಣ್ಣಿಗೆ, ಮರಳಿಗೆ ಅಗಲವಾದ ಗೂಟ ಬೇಕು. ಗಟ್ಟಿ ನೆಲಕ್ಕೆ ದಪ್ಪ ಉಕ್ಕಿನ ಮೊಳೆಯಂಥದು. ಹಗ್ಗಗಳನ್ನು ಗಾಳಿ ಎದ್ದ ಮೇಲೆ ಕಟ್ಟಲು ಹೋಗದೆ, ಸಂಜೆಯೇ ಎಲ್ಲವನ್ನೂ ಬಿಗಿದಿಡಬೇಕು. ಕತ್ತಲಲ್ಲಿ ಎಡವದಂತೆ ಬೆಳಕಿಗೆ ಹೊಳೆಯುವ ಎಳೆ ಸೇರಿಸಿದ ಹಗ್ಗವಾದರೆ ಇನ್ನೂ ಒಳ್ಳೆಯದು. ತಳದಡಿಯ ಹಾಳೆ ಟೆಂಟಿನ ತಳಕ್ಕಿಂತ ಎಲ್ಲ ಕಡೆಯೂ ಸ್ವಲ್ಪ ಚಿಕ್ಕದಾಗಿರಬೇಕು. ಹೊರಗೆ ಚಾಚಿದರೆ ಹೊದಿಕೆಯಿಂದ ಇಳಿದ ನೀರನ್ನು ಹಿಡಿದು ಟೆಂಟಿನ ಅಡಿಗೇ ತರುತ್ತದೆ.

ಬೆಂಕಿಯ ಬಗ್ಗೆ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಬೆಂಕಿ ನಿರೋಧಕ ಎಂಬ ಚೀಟಿಯಿದ್ದರೂ ಪಾಲಿಯೆಸ್ಟರ್ ಕರಗುತ್ತದೆ, ಉರಿಯುತ್ತದೆ. ಟೆಂಟಿನ ಒಳಗಾಗಲಿ, ಮುಚ್ಚಿದ ಪಡಸಾಲೆಯಲ್ಲಾಗಲಿ ಒಲೆ ಹಚ್ಚಬಾರದು, ಆರುತ್ತಿರುವ ಇದ್ದಿಲನ್ನು ಬೆಚ್ಚಗಾಗಲೆಂದು ಒಳಗೆ ತರಲೇಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಟೆಂಟ್ ಕೈಗೆ ಬಂದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಅದನ್ನು ಒಮ್ಮೆ ಬಯಲಿನಲ್ಲಿ ಪೂರ್ತಿಯಾಗಿ ನಿಲ್ಲಿಸಿ ನೋಡಲೇಬೇಕು. ಕೋಲು, ಗೂಟ, ಹಗ್ಗಗಳನ್ನು ಎಣಿಸಿ, ಎಲ್ಲ ಜಿಪ್ಪುಗಳನ್ನು ಹಲವು ಸಲ ಎಳೆದು, ಎಲ್ಲರೂ ಒಳಗೆ ಮಲಗಿ ನೋಡಿ. ಹಿಂದಿರುಗಿಸುವ ನಿಯಮಕ್ಕೆ ಅಡ್ಡಿಯಾಗದಿದ್ದರೆ ಪೈಪಿನಿಂದ ನೀರನ್ನು ಮೇಲಿನಿಂದ ಮಳೆಯಂತೆ ಒಂದರ್ಧ ಗಂಟೆ ಸುರಿಸಿ, ಒಬ್ಬರು ಒಳಗೆ ಕೂತು ಟಾರ್ಚ್ ಹಿಡಿದು ಹೊಲಿಗೆಗಳನ್ನು ಹುಡುಕಿದರೆ, ಸೋರುವ ಜಾಗ ಅಲ್ಲೇ ಸಿಗುತ್ತದೆ.

ಬಜೆಟ್ ತೀರಾ ಕಡಿಮೆಯಿರುವವರಿಗೆ ಹೊಸ ಕೀಳು ಟೆಂಟಿಗಿಂತ ಒಬ್ಬರು ಬಳಸಿದ ಒಳ್ಳೆಯ ಟೆಂಟ್ ಉತ್ತಮ ಆಯ್ಕೆ. ಅದನ್ನು ಚೀಲದಿಂದ ತೆಗೆದ ಕೂಡಲೇ ಮೂಸಿ ನೋಡಬೇಕು. ಒದ್ದೆಯಾಗಿಯೇ ಮಡಿಸಿಟ್ಟ ಟೆಂಟಿಗೆ ಮುಗ್ಗಲು ವಾಸನೆಯಿರುತ್ತದೆ, ಮೂಲೆಗಳಲ್ಲಿ ಬೂಷ್ಟಿನ ಕಪ್ಪು ಚುಕ್ಕೆಗಳಿರುತ್ತವೆ; ಅದನ್ನು ತೊಳೆದು ತಗ್ಗಿಸಬಹುದು, ಪೂರ್ತಿ ಹೋಗಿಸುವುದು ಕಷ್ಟ. ಹುಳಿ ವಾಸನೆಯ ಜೊತೆಗೆ ಒಳಮೈ ಅಂಟಂಟಾಗಿ, ಮಡಿಕೆ ಬಿಡಿಸುವಾಗ ಪರಪರ ಸದ್ದು ಬಂದರೆ ಪಾಲಿಯುರೆಥೇನ್ ಲೇಪನವೇ ತೇವಕ್ಕೆ ಕೊಳೆತಿದೆ ಎಂದರ್ಥ. ಅಂಥ ಟೆಂಟನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನಬೇಕು, ಅದನ್ನು ಸರಿಪಡಿಸುವ ದಾರಿಯಿಲ್ಲ. ಹೊದಿಕೆಯ ನೆತ್ತಿಯ ಬಣ್ಣ ಬದಿಗಳಿಗಿಂತ ತೀರಾ ಮಾಸಿದ್ದರೆ ಅದು ತಿಂಗಳುಗಟ್ಟಲೆ ಬಿಸಿಲಿನಲ್ಲಿ ನಿಂತಿದ್ದ ಗುರುತು. ಅಲ್ಲಿ ಬಟ್ಟೆಯನ್ನು ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಬಿಗಿಯಾಗಿ ಎಳೆದಾಗ ನೂಲು ಸಡಿಲಗೊಳ್ಳುವಂತಿದ್ದರೆ ಅದನ್ನೂ ಬಿಡಬೇಕು. ಬಾಗಿದ ಗೂಟ, ಸೀಳಿದ ಒಂದು ಕೋಲು, ತಳದಲ್ಲಿ ಒಂದೆರಡು ಸಣ್ಣ ತೂತು, ಹರಿದ ಜಾಲರಿ ಇವು ಯಾವುವೂ ದೊಡ್ಡ ದೋಷಗಳಲ್ಲ. ಇವೆಲ್ಲಕ್ಕೂ ಬಿಡಿಭಾಗ ಅಥವಾ ತೇಪೆ ಸುಲಭವಾಗಿ ಸಿಗುತ್ತದೆ, ಮತ್ತು ಅವುಗಳನ್ನು ತೋರಿಸಿ ಬೆಲೆಯನ್ನು ಇನ್ನಷ್ಟು ಇಳಿಸಿಕೊಳ್ಳಬಹುದು.